ಎದೆಯ ಓಲೆ

ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ ತಾಲ್ಲೂಕು
೯ನೇ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ, ಎದೆ ತುಂಬಿದ, ಅಲ್ಲಲ್ಲ, ಎದೆ ತೂತಾದ ತಮ್ಮನ ನಮಸ್ಕಾರಗಳು.

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ನಿನಗೆ ಹಗಲು ಪಾಳಿ ಕೊಟ್ಟರೇ, ಇಲ್ಲ ಇನ್ನೂ ರಾತ್ರಿಯೆಲ್ಲ ನಿಲ್ಲಿಸುತ್ತಿದ್ದಾರೋ? ಹೊತ್ತು ಹೊತ್ತಿಗೆ ಉಣ್ಣುತ್ತೀಯ ತಾನೆ? ಸಜೀವ್ ಭಾವ ಚೆನ್ನಾಗಿದ್ದಾರೆಯೇ? ಫೋನಿನಲ್ಲಿ ಕೇಳಿದ್ದನ್ನೇ ಕಾಗದದಲ್ಲೂ ಕೇಳುತ್ತಾನಲ್ಲ, ಇವನಿಗೆ ತಲೆಗೂ ತೂತು ಬಿತ್ತೇ ಎಂದುಕೊಳ್ಳಬೇಡ. ಅದಕ್ಕೊಂದು ಕಾರಣವಿದೆ, ಬರುತ್ತೇನೆ. ಇಲ್ಲಿ ಅಪ್ಪ ಆರೋಗ್ಯವಾಗಿ ಟಿವಿಯ ಮುಂದೆ ವಾಸವಾಗಿದ್ದಾನೆ. ಅವ್ವನ ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ನನ್ನ ಪಂಕ್ಚರ್ ಅಂಗಡಿ ರಸ್ತೆಯ ಗುಂಡಿಗಳ ಆಶೀರ್ವಾದದಿಂದ ಚೆನ್ನಾಗಿ ನಡೆಯುತ್ತಿದೆ. ಸದರಿ ಅಂಗಡಿಯ ಮಾಲೀಕನ ಎಡ ಮೊಲೆತೊಟ್ಟಿನ ಗಾಯವೂ ಸುಮ್ಮನಾಗಿದೆ. ಅದರ ಪೂರ್ತಿ ಶ್ರೇಯಸ್ಸು ನಿನ್ನದು ಎಂದು ಹೇಳಿ, ಒಂದು ಸಲವಾದರೂ ನೆಟ್ಟಗೆ ನಿಂತು ಥ್ಯಾಂಕ್ಸ್ ಹೇಳಲೆಂದೇ ಈ ಕಾಗದ. ಬೇರೆ ಕಾರಣವೂ ಇದೆ. ಅದೂ ಬರುತ್ತದೆ.

ಈ ಕಥೆಯಲ್ಲಿ ಅರ್ಧ ನಿನಗೆ ಗೊತ್ತು. ಉಳಿದರ್ಧ ಸರಿಯಾಗಿ ತಿಳಿಯಬೇಕಾದರೆ ಗೊತ್ತಿರುವುದನ್ನೂ ಇನ್ನೊಮ್ಮೆ ಕೇಳಬೇಕು, ಕೋರ್ಟಿನಲ್ಲಿ ಕೇಳಿದ ಹಾಗೆ. ಜೂನ್‌ನಲ್ಲಿ ನಾನೂ ಕಿಟ್ಟಿಯೂ ಟ್ಯೂಬು ತರಲು ಮೈಸೂರಿಗೆ ಹೋಗಿದ್ದೆವು. ಚಪ್ಪಲಿ ಅಂಗಡಿ ಕಿಟ್ಟಿ ಕಣಕ್ಕ, ನೀನು ಮಾನಂತವಾಡಿಗೆ ಹೊರಟುಹೋದಾಗ ನನಗಿಂತ ಜೋರಾಗಿ ಅತ್ತವನು. ಅಲ್ಲೊಂದು ಟ್ಯಾಟೂ ಅಂಗಡಿ. ಬಾಗಿಲಲ್ಲಿ ನಿಂತು ಅವನು, “ಕಿವಿ ಚುಚ್ಚಿಸ್ಕಳಾ ಧೈರ್ಯ ಅದಾ ನಿಂಗೆ?” ಎಂದ. ಕಿವಿಯಂತೆ! ಅದನ್ನು ನಾನು ತೊಟ್ಟಿಲಲ್ಲಿದ್ದಾಗಲೇ ಆಚಾರಿ ಚುಚ್ಚಿ ಮುಗಿಸಿದ್ದ. ನಾನು ಗಂಭೀರವಾಗಿ ಒಳಗೆ ಹೋಗಿ, ಅಂಗಿ ಬಿಚ್ಚಿ, ಎಡ ಎದೆಗೆ ಬೆರಳು ತೋರಿಸಿದೆ. ಕಿಟ್ಟಿಯ ಮುಖ ನೋಡಿ ನಗಬೇಕೆಂಬುದು ನನ್ನ ಲೆಕ್ಕವಾಗಿತ್ತು. ಆದರೆ ಅಲ್ಲಿದ್ದ ಹುಡುಗಿ ನಗಲಿಲ್ಲ. ಕೈಗವಸು ಹಾಕಿಕೊಂಡು, ಹೊಸ ಸೂಜಿಯ ಪೊಟ್ಟಣ ನನ್ನ ಕಣ್ಣೆದುರೇ ಹರಿದು, ಪೆನ್ನಿನಲ್ಲಿ ಎರಡು ಚುಕ್ಕೆ ಇಟ್ಟು, “ಉಸಿರು ಬಿಡಿ ಸರ್” ಎಂದಳು. ಆಗ ಎದ್ದು ಬಂದರೆ ಮಾನ ಹೋಗುತ್ತಿತ್ತು. ಉಸಿರು ಬಿಟ್ಟೆ. ಅಕ್ಕಾ, ಆ ಒಂದು ಕ್ಷಣದಲ್ಲಿ ಚಿಕ್ಕದೇವಮ್ಮನನ್ನು ನೆನೆದಷ್ಟು ಭಕ್ತಿಯಿಂದ ಬೆಟ್ಟ ಹತ್ತುವಾಗಲೂ ನೆನೆದಿರಲಿಲ್ಲ. ಕಣ್ಣು ಬಿಟ್ಟರೆ ನನ್ನೆದೆಯಲ್ಲಿ ಪುಟ್ಟ ಕಡ್ಡಿ, ಎರಡು ಕಡೆ ಗುಂಡು. ಕಿಟ್ಟಿ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದ.

ಗಾಯ ಹೇಗೆ ನೋಡಿಕೊಳ್ಳಬೇಕೆಂದು ಆ ಹುಡುಗಿ ಹೇಳಿದ್ದನ್ನು ಹಾಗೇ ಕೇಳಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಆದರೆ ಊರಿಗೆ ಬಂದ ಮೇಲೆ ವೈದ್ಯಶಾಸ್ತ್ರವೆಲ್ಲ ಕಿಟ್ಟಿಯ ಕೈಗೆ ಹೋಯಿತು. ಅರಿಶಿನ ಹಚ್ಚು ಎಂದ, ಹಚ್ಚಿದೆ. ಕೊಬ್ಬರಿ ಎಣ್ಣೆ ಬಿಡು ಎಂದ, ಬಿಟ್ಟೆ. ಕಡ್ಡಿ ಅಂಟಿಕೊಳ್ಳುತ್ತದೆ, ತಿರುಗಿಸುತ್ತಿರು ಎಂದ. ಟೈರು ಬಿಚ್ಚಿದ ಗ್ರೀಸಿನ ಕೈಯಲ್ಲೇ ನಟ್ಟು ತಿರುಗಿಸಿದ ಹಾಗೆ ತಿರುಗಿಸಿದೆ. ಊರಿನವರ ತೂತುಗಳನ್ನೆಲ್ಲ ಮುಚ್ಚುವವನು ತನ್ನ ತೂತನ್ನು ಮಾತ್ರ ಕೆಡಿಸಿಕೊಂಡ. ಊದಿ, ಕೆಂಪಾಗಿ, ಬಿಸಿಯಾಗಿ, ಅಂಗಿ ತಾಗಿದರೆ ಪ್ರಾಣ ಹೋದ ಹಾಗೆ ಆದಾಗ ನಿನಗೆ ಫೋಟೋ ಕಳಿಸಿ, ಇದೇನು ಹೇಳು ನೋಡೋಣ ಎಂದು ಕೇಳಿದೆ. ಕೊಳೆತ ನೇರಳೆಹಣ್ಣು ಎಂದೆ ನೀನು. ಆಮೇಲೆ ವಿಷಯ ತಿಳಿದು ನೀನು ಬೈದ ಬೈಗುಳದಲ್ಲಿ ಅರ್ಧ ಮಲಯಾಳಂ ಇದ್ದದ್ದರಿಂದ ನನ್ನ ಮರ್ಯಾದೆ ಅರ್ಧ ಉಳಿಯಿತು.

ಬೈದು ಮುಗಿಸಿದ ಮೇಲೆ ನಿನ್ನ ದನಿ ಬದಲಾಯಿತಲ್ಲ, ಅದನ್ನು ನಾನು ಮರೆಯುವುದಿಲ್ಲ. ನೀನಾಗಿ ಕಡ್ಡಿ ಕೀಳಬೇಡ, ಕಿತ್ತರೆ ಕೀವು ಒಳಗೇ ಉಳಿದುಬಿಡುತ್ತೆ, ಮೊದಲು ಡಾಕ್ಟರ ಹತ್ತಿರ ಹೋಗು ಎಂದೆ. ಹೋದೆ. ಮಾತ್ರೆ ಕೊಟ್ಟರು, ಒಂದೂ ಬಿಡದೆ ನುಂಗಿದೆ. ಅರಿಶಿನವಿಲ್ಲ, ಎಣ್ಣೆಯಿಲ್ಲ, ತಿರುಗಿಸುವುದಿಲ್ಲ, ಸೋಪಿನಲ್ಲಿ ಕೈ ತೊಳೆಯದೆ ಮುಟ್ಟುವುದಿಲ್ಲ. ಕುದಿಸಿ ಆರಿಸಿದ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಚಮಚ ಉಪ್ಪು. ಲೋಟಕ್ಕೆ ಎದೆ ಬಗ್ಗಿಸಿ, ಒತ್ತಿ ಹಿಡಿದು, ಹಾಗೇ ನೆಟ್ಟಗಾಗಿ ಸ್ವಲ್ಪ ಹೊತ್ತು ನಿಲ್ಲುವುದು. ಆಮೇಲೆ ಉಜ್ಜದೆ ಒತ್ತಿ ಒರೆಸುವುದು, ಸಡಿಲ ಹತ್ತಿ ಬನಿಯನ್ ಹಾಕುವುದು. ನೀನು ಅಲ್ಲಿ ಎಷ್ಟು ಜನರ ಗಾಯ ತೊಳೆದು ದಣಿದಿರುತ್ತೀಯೋ, ಆದರೂ ಒಂದು ದಿನ ತಪ್ಪದೆ ಫೋಟೋ ಕಳಿಸು ಎಂದೆ. ಹೊರಗೆ ಮಾಗಿದ ಹಾಗೆ ಕಂಡರೂ ಒಳಗೆ ಮಾಗಲು ತಿಂಗಳುಗಟ್ಟಲೆ ಬೇಕು, ಅವಸರ ಮಾಡಬೇಡ ಎಂದೆ. ಆ ಮಾತು ನನ್ನ ಎದೆಗೆ ಮಾತ್ರ ಹೇಳಿದ್ದು ಎಂದುಕೊಂಡಿದ್ದೆ.

ಈಗ ನಿನಗೆ ಗೊತ್ತಿಲ್ಲದ ಅರ್ಧ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಹೀಗೆ ಎದೆಗೆ ಲೋಟ ಒತ್ತಿಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತಿದ್ದೆ. ಅವ್ವ ನೋಡಿದಳು. “ಅಯ್ಯೋ, ಮಗೀಗೆ ಎದೆ ಇಡ್ಕಂಬುಡ್ತು!” ಎಂದು ಕೂಗಿದ್ದು ಸರ್ಕಲ್‌ವರೆಗೂ ಕೇಳಿಸಿರಬೇಕು. ಪಕ್ಕದ ಮನೆಯ ಕುಳ್ಳಮ್ಮತ್ತೆ ಬೇಲಿ ಹಾರಿದಳೋ ಬಾಗಿಲಿಂದ ಬಂದಳೋ ತಿಳಿಯಲಿಲ್ಲ, ಬಂದೇಬಿಟ್ಟಳು. ಲೋಟ ಕಿತ್ತುಕೊಂಡರು. ನೀರು ಚೆಲ್ಲಿತು, ಕಡ್ಡಿ ಫಳಫಳ ಹೊಳೆಯಿತು. “ಇದೇನ್ಲಾ ಇದು, ಎತ್ತಿಗೆ ಮೂಗ್ದಾರ ಏರ್ಸ್ದಂಗೆ!” ಎಂದಳು ಅವ್ವ. ಕುಳ್ಳಮ್ಮತ್ತೆಯ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಸರಗೂರು ಮುಟ್ಟುತ್ತದೆ. ಬುದ್ಧಿ ಓಡದೆ, ಮುಖ ಮಾತ್ರ ಗಂಭೀರ ಮಾಡಿಕೊಂಡು, “ಹರಕೆ ಕಣವ್ವ” ಎಂದುಬಿಟ್ಟೆ. “ಯಾತರ ಅರ್ಕೆ?” ಎಂದಳು. ನನಗೇ ತಿಳಿಯದೆ ಬಾಯಿಗೆ ಬಂತು: “ಅಕ್ಕ ಮನೆಗೆ ಬರ್ಲಿ ಅಂತ.”

ಅಕ್ಕಾ, ನಿನಗೆ ಗೊತ್ತಲ್ಲ, ನಮ್ಮನ್ನು ಕೇಳದೆ ಮದುವೆಯಾದಳು ಎಂದು ನೀನು ಹೋದ ದಿನ ಅವ್ವ ನುಂಗಿಕೊಂಡ ನಿನ್ನ ಹೆಸರು ಮತ್ತೆ ಅವಳ ಬಾಯಿಂದ ಹೊರಗೆ ಬಂದಿರಲಿಲ್ಲ. ನಾವೂ ಅವಳ ಮುಂದೆ ಆಡುತ್ತಿರಲಿಲ್ಲ. ಕುಳ್ಳಮ್ಮತ್ತೆ ಸೆರಗು ಸರಿಮಾಡಿಕೊಂಡು ನನ್ನ ಎದೆಗೆ ಕೈಮುಗಿದಳು. ನೇರವಾಗಿ ಅದಕ್ಕೇ. ನಗು ತಡೆಯಲು ನಾನು ಪಟ್ಟ ಕಷ್ಟಕ್ಕೆ ಕಣ್ಣಲ್ಲಿ ನೀರು ಬಂತು. ಅದನ್ನೂ ಅವಳು ಭಕ್ತಿ ಎಂದೇ ತಿಳಿದಳು. ಅವ್ವ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ನಾನು ಏಳುವುದರೊಳಗೆ ನನ್ನ ಚಾಪೆಯ ಪಕ್ಕದಲ್ಲಿ ಉಗುರುಬೆಚ್ಚನೆ ನೀರಿನ ಲೋಟ ಇತ್ತು, ಮೇಲೆ ತಟ್ಟೆ ಮುಚ್ಚಿ. “ಉಪ್ಪು ಎಷ್ಟು ಆಕ್ಬೇಕು ಅಂತ ಯೋಳವ್ರೆ?” ಎಂದಳು. ಕಾಲು ಚಮಚ ಎಂದೆ. ಯಾರು ಹೇಳಿದ್ದು ಎಂದಳು. ಗೊತ್ತಿರುವ ಒಬ್ಬ ನರ್ಸು ಎಂದೆ. ಅವ್ವ ನನ್ನ ಮುಖವನ್ನೇ ನೋಡಿ ಎದ್ದು ಹೋದಳು. ಅಂದಿನಿಂದ ಲೋಟದ ಜೊತೆಗೆ ಒಂದು ಪ್ರಶ್ನೆಯೂ ಬರಲು ಶುರುವಾಯಿತು. ಮೊದಮೊದಲು, “ನರ್ಸು ಏನಂದ್ಲು, ವಾಸಿಯಾಯ್ತದಂತಾ?” ಆಮೇಲೆ, “ಆ ನರ್ಸು ಉಂಡ್ಳಂತಾ?” ಒಂದು ದಿನ ತೊಟ್ಟಿನ ವಿಚಾರವನ್ನೇ ಬಿಟ್ಟು, “ನಿಂತೂ ನಿಂತೂ ನರ್ಸ್‌ಗೆ ಸ್ವಂಟ ನೋವು ಬತ್ತದಲ್ವಾ, ಕೇಳು” ಎಂದಳು. ನಾನು ಫೋನು ಮಾಡಿ ಕೇಳುತ್ತಿದ್ದೆ. ಇದೇನೋ, ಅವ್ವ ಕೇಳಿದ ಹಾಗೆ ಕೇಳ್ತೀಯ ಎಂದು ನೀನು ನಕ್ಕೆ, ನೆನಪಿದೆಯೇ? ಅವ್ವನೇ ಕೇಳಿದ್ದು ಕಣೆ ಅಕ್ಕಾ. ಈ ಕಾಗದದ ಮೊದಲಿನ ಪ್ರಶ್ನೆಗಳೂ ಅವಳವೇ. ಸಜೀವ್ ಭಾವ ಚೆನ್ನಾಗಿದ್ದಾರೆಯೇ ಎಂಬುದು ಸಹ. ಅದನ್ನು ಕೇಳಲು ಮಾತ್ರ ಅವಳಿಗೆ ಬಹಳ ದಿನ ಹಿಡಿಯಿತು, “ನರ್ಸಿನ ಗಂಡ” ಎನ್ನುವಾಗ ಒಲೆಯ ಕಡೆ ತಿರುಗಿಕೊಂಡಿದ್ದಳು.

ಹೀಗೆ ನನ್ನ ಗಾಯ ಒಣಗಿತು. ನೀನು ಅಲ್ಲಿಂದ, ಅವ್ವ ಇಲ್ಲಿಂದ, ನಡುವೆ ನಾನು ಲೋಟ ಹಿಡಿದುಕೊಂಡು. ಬೇರೆ ಯಾರಿಗಾದರೂ ಒಂದು ತೊಟ್ಟಿಗೆ ಇಷ್ಟು ಉಪಚಾರ ಸಿಕ್ಕಿದೆಯೇ ಹೇಳು. ನಿಮ್ಮಿಬ್ಬರ ಋಣ ನನ್ನೆದೆಯ ಮೇಲೆ ಎರಡು ಕಡೆ ಗುಂಡು ಹಾಕಿಕೊಂಡು ಕೂತಿದೆ.

ಸಜೀವ್ ಭಾವನಿಗೆ ನನ್ನ ನಮಸ್ಕಾರ ಹೇಳು. ಅಪ್ಪ ಟಿವಿ ಶಬ್ದ ಕಡಿಮೆ ಮಾಡಿ, ನಾನೂ ಕೇಳಿದೆ ಅಂತ ಬರೆ ಎಂದ. ಅವನ ಮಟ್ಟಿಗೆ ಅದೇ ಆಶೀರ್ವಾದ.

ಇಂತಿ ನಿನ್ನ,
ಪಂಕ್ಚರ್ ಸುನೀಲ
(ಬಲಗಡೆಯದು ಸುರಕ್ಷಿತವಾಗಿದೆ)

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅವ್ವ ತಲೆಯ ಮೇಲೆ ನಿಂತಿದ್ದಾಳೆ. ಟ್ಯೂಬು ಎತ್ತುವಾಗ ಕಡ್ಡಿ ಬನಿಯನ್ನಿಗೆ ಸಿಕ್ಕಿ ಸಾಕಾಗಿ, ತೆಗೆದುಬಿಡುತ್ತೇನೆ ಎಂದೆ. “ಅರ್ಕೆ ತೀರ್ದೆ ತಗಿಯಂಗಿಲ್ಲ” ಎಂದಳು. ಇನ್ನು ತಡೆಯಲಾರದೆ, ಹರಕೆಯೂ ಇಲ್ಲ ಏನೂ ಇಲ್ಲ, ಸುಳ್ಳು ಹೇಳಿದೆ ಕಣವ್ವ ಎಂದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸದೆ, “ಗೊತ್ತು ಬುಡ್ಲಾ. ಮೊಲೆ ಚುಚ್ಕಳೋ ಅರ್ಕೆ ಯಾವ ದ್ಯಾವ್ರೂ ಕೇಳಕಿಲ್ಲ. ಕುಳ್ಳಿಗೆ ಯೋಳ್ಬ್ಯಾಡ, ಸುಮ್ಕಿರು. ನರ್ಸೇ ಬಂದು ತಗೀಲಿ, ಗಂಡನ್ನೂ ಕರ್ಕಂಡು ಬರ್ಲಿ” ಎಂದಳು. ಫೋನು ಮಾಡುತ್ತೇನೆ ಎಂದರೆ, ಫೋನಲ್ಲಿ ಕರೆಯಕ್ಕೆ ಅವಳೇನು ಆಟೋನಾ, ಮನೆ ಮಗಳನ್ನ ಕಾಗದ ಬರೆದು ಕರೀಬೇಕು ಎಂದಳು. ಕಿವಿಗೆ ಹಾಕುವುದೂ ಓಲೆ, ಅಂಚೆಗೆ ಹಾಕುವುದೂ ಓಲೆ. ನಾನು ಎದೆಗೊಂದು, ಅಂಚೆಗೊಂದು ಹಾಕಿದ್ದೇನೆ, ಬಂದುಬಿಡಿ. ಬಾವಲಿ ಚೆಕ್‌ಪೋಸ್ಟ್ ಹಾದು ಬರುವ ಬೆಳಗಿನ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀರಿ. ಇದೀಗ ಕವರಿನ ಮೇಲೆ ವಿಳಾಸ ಬರೆಯಲು ಹೋಗಿ, ಏನಂತ ಬರೀಲಿ, ನರ್ಸು ಅಂತಲಾ ಎಂದು ಕೀಟಲೆ ಮಾಡಿದೆ. ತಲೆಗೆ ಒಂದು ಕೊಟ್ಟಳು. ಆಮೇಲೆ ನಾನು ಪೆನ್ನು ಹಿಡಿದು ಕಾಯುತ್ತಿರುವಾಗ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: ಅ, ನು, ಶ್ರೀ.