ಸಾಂಗಲಿಯ ಕಣ್ಣಿನ ಶಿಬಿರ

ಸಾಂಗಲಿ, ಸೋಮವಾರ

ವೈನಿ, ಬೀರಪ್ಪನ ದಯದಿಂದ ಅವ್ವನೂ ನಾನೂ ಸುಖವಾಗಿ ತಲುಪಿದ್ದೇವೆ. ನಿಮ್ಮ ನಾದಿನಿಯ ಮರ್ಯಾದೆ ಮಾತ್ರ ಹೋಯಿತು. ನಮ್ಮೂರ ದವಾಖಾನೆ ಇಲ್ಲಿನ ದೊಡ್ಡದರ ಜೊತೆ ಒಂದಾದ ಮೇಲೆ ಹುಕುಮು ಬರುವುದೆಲ್ಲ ಮರಾಠಿಯಲ್ಲಿ, ಅದೂ ಫೋನಿನಲ್ಲಿ. ನನ್ನಂಥ ಎಕ್ಸ್‌ರೇ ಕೋಣೆಯ ಕೆಲಸದವರೆಲ್ಲ ನೇತ್ರ ಶಿಬಿರಕ್ಕೆ ಬರಬೇಕೆಂದು ನನಗೆ ಕೇಳಿಸಿತು. ಪೊರೆ ಬಂದ ಕಣ್ಣಿನ ಅವ್ವನನ್ನೂ ಕರೆತಂದೆ.

“ಇದು ನೇತೃತ್ವ ಶಿಬಿರ ರೀ ಬಾಯಿ! ಮುಂದಾಳು ಆಗೋದು ಕಲಿಸ್ತೀವಿ,” ಎಂದು ಕಲಿಸುವ ಮೇಡಂ ನಕ್ಕರು.

ಅಷ್ಟರಲ್ಲಿ ಅವ್ವ ಮುಂದಿನ ಸಾಲಿನಲ್ಲಿ ಕುಳಿತೇ ಬಿಟ್ಟಿದ್ದಳು. “ಅದೇನರ ಕಲ್ಕೋ ನೀ. ನನ್ನ ಕಣ್ಣು ಯಾರ್ ನೋಡ್ತಾರ, ಅದನ್ನ ಕೇಳ ಮೊದಲ,” ಎಂದಳು.

ಎಲ್ಲರೆದುರು ಎದ್ದು ನಿಂತು ಕೇಳಿದೆ. ನಾಯಕಿಯಾಗಿ ನಾನು ಆಡಿದ ಮೊದಲ ಮಾತು ಅದೇ. ಮೇಡಂ ತಾವೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು. ಗುರುವಾರ ಆಪರೇಷನ್.

ಅವ್ವನ ಮೆತ್ತನೆಯ ಸೀರೆಗಳನ್ನು ಪಕ್ಕದ ಮನೆಯ ಧೋಂಡಪ್ಪನ ಕೈಯಲ್ಲಿ ಇಲ್ಲಿನ ಬಸ್ಸಿಗೆ ಕಳಿಸಿರಿ. ಶಿಬಿರ ಬುಧವಾರಕ್ಕೇ ಮುಗಿಯುತ್ತದೆ. ಶಿಬಿರದವರಿಗೆಂದು ಕೊಟ್ಟ ಉಳಿಯುವ ಕೋಣೆ ಕೈತಪ್ಪದಿರಲೆಂದು ಮೇಡಂ ನನ್ನನ್ನು ಮುಂದಿನ ತಂಡದಲ್ಲೂ ಕೂರಿಸಿಕೊಳ್ಳುತ್ತಾರಂತೆ. ಅವ್ವನ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ನಾನು ನಾಯಕತ್ವವನ್ನು ಎರಡೆರಡು ಸಲ ಕಲಿಯಬೇಕು, ನೋಡಿರಿ.

ಗಂಟೆ ಹೊಡೆಯಿತು, ಓಡುತ್ತೇನೆ.
ನಿಮ್ಮ ಸಾವಂತ್ರವ್ವ