ಆ ಹೆಜ್ಜಾರ್ಲೆ ನನ್ನದು

ಬಾರಾಓನಾ,
ಫೆಬ್ರವರಿ ೪, ೨೦೦೭

ಪ್ರೀತಿಯ ತಮ್ಮ ಎವಾರಿಸ್ತೊಗೆ,

ನಿನ್ನ ಅಕ್ಕ ಮಿಗ್ದಾಲಿಯಾ ಬರೆಯುತ್ತಿದ್ದೇನೆ. ಮಂಡಿನೋವೊಂದು ಬಿಟ್ಟರೆ ಅಪ್ಪ ಚೆನ್ನಾಗಿದ್ದಾನೆ. ನಿನ್ನ ಮೇಲಿನ ಸಿಟ್ಟೊಂದು ಬಿಟ್ಟರೆ ನಾನೂ ಚೆನ್ನಾಗಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಕಳಿಸಿದ ಬ್ಯಾಟರಿ ರೇಡಿಯೋ ತಲುಪಿತೆಂದು ಆಗಲೇ ತಿಳಿಸಬೇಕಿತ್ತು, ತಡವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು, ಹರಿದು ಒಲೆಗೆ ಹಾಕುತ್ತಿದ್ದೆ. ಇದನ್ನು ಹರಿಯುವುದಿಲ್ಲ.

ಆ ರೇಡಿಯೋದಲ್ಲೇ ನಿನ್ನ ದನಿ ಕೇಳಿದೆವು. ಕಳೆದ ಭಾನುವಾರ ಎಂದಿನಂತೆ ಕರೆಂಟು ಹೋಗಿತ್ತು. ರಾಜಧಾನಿಯಲ್ಲಿ ಕೂತು ನೀನು ಬೇಸ್‌ಬಾಲ್ ಕಥೆ ಹೊಡೆಯುವ ಕಾರ್ಯಕ್ರಮದ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಕುರ್ಚಿ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. ದೊಡ್ಡ ಸುಳ್ಳು ಹೇಳುವ ಮುಂಚೆ ನೀನು ಒಮ್ಮೆ ಕೆಮ್ಮುತ್ತೀಯ, ಚಿಕ್ಕಂದಿನಿಂದಲೂ. ಕೆಮ್ಮಿದೆ. ಆಮೇಲೆ ಶುರು ಮಾಡಿದೆ:

"ಎಪ್ಪತ್ತೊಂಬತ್ತನೇ ಇಸವಿ ಸ್ವಾಮಿ! ನಮ್ಮೂರ ಸಲಿನೆರೊಸ್ ತಂಡ ಒಂದೇ ಒಂದ್ಸಲ ಚಾಂಪಿಯನ್ ಆದ ವರ್ಷ. ನಾನು ಅಪ್ಪನ ತೊಡೆ ಮೇಲೆ ಕೂತಿದ್ದೆ. ಪಿಮೆಂತೆಲ್ ಹೊಡೆದ ಚೆಂಡು ಮೇಲೇರ್ತಾ ಇದ್ದಂಗೇ ಸಮುದ್ರದ ಕಡೆಯಿಂದ ಒಂದು ಹೆಜ್ಜಾರ್ಲೆ ಹಾರಿ ಬಂತು ನೋಡಿ, ಚೆಂಡೂ ಹಕ್ಕೀನೂ ಜೋಡಿಯಾಗಿ ಗೋಡೆ ದಾಟಿದ್ವು!"

ತೊಡೆ ಮೇಲಂತೆ! ನಾಚಿಕೆ ಆಗಲಿಲ್ಲವೇನೋ ನಿನಗೆ? ಆ ದಿನ ನೀನು ಮೈತುಂಬ ದಡಾರ ಎದ್ದು ಮನೆಯಲ್ಲಿ ಮಲಗಿದ್ದೆ. ಕೆರೆದುಕೊಳ್ಳಬಾರದೆಂದು ಅಮ್ಮ ನಿನ್ನ ಕೈಗಳಿಗೆ ಹಳೇ ಕಾಲುಚೀಲ ತೊಡಿಸಿದ್ದಳು. ಆ ಸೀಸನ್ ಪೂರ್ತಿ ಅಪ್ಪನ ಜೊತೆ ಆಟಕ್ಕೆ ಹೋದವಳು ನಾನು, ಒಂಬತ್ತು ವರ್ಷದ ನಾನು.

ಹೋದವಳು ಏನು ನೋಡಿದೆ ಎಂದು ಯಾವತ್ತಾದರೂ ಕೇಳಿದ್ದೀಯಾ? ಕೇಳು. ಅಪ್ಪನ ಪಕ್ಕದಲ್ಲಿ ಕೂರುತ್ತಿದ್ದವನು ಅವನ ಗೆಳೆಯ ತಿಬುರ್ಸಿಯೊ, ಪಾರ್ಕಿನ ಎದುರು ಕ್ಷೌರದಂಗಡಿ ಇಟ್ಟಿದ್ದನಲ್ಲ, ಅವನು. ಮೊದಲನೇ ಆಟದಲ್ಲಿ ನಾನು ಕಡಲೆಕಾಯಿ ತರಲು ಎದ್ದು ಹೋದೆ, ನಮ್ಮವರು ಹೊಡೆದರು. ವಾಪಸು ಬಂದು ಕೂತೆ, ಔಟಾದರು. ಒಂದಕ್ಕೆಂದು ಎದ್ದೆ, ಮತ್ತೆ ಹೊಡೆದರು. ತಿಬುರ್ಸಿಯೊ ಎದ್ದು ನಿಂತೇ ಬಿಟ್ಟ.

"ಎಲಿಸೆಯೊ, ಕಣ್ಬಿಟ್ಟು ನೋಡೋ! ನಿನ್ ಮಗಳು ಎದ್ದೋದ್ರೆ ಸಾಕು, ನಮ್ಮೋರ ಬ್ಯಾಟಿಗೆ ಜೀವ ಬರುತ್ತೆ. ಬಂದು ಕೂತ್ರೆ ಮತ್ತೆ ಕಟ್ಟಿಗೆ!"

ಅಪ್ಪ ಅವತ್ತು ನಕ್ಕ. ಮುಂದಿನ ಆಟದಲ್ಲಿ ನಗಲಿಲ್ಲ. ನಮ್ಮ ಆಟಗಾರನೊಬ್ಬ ಬೇಸ್ ಮುಟ್ಟಿದನೋ ಇಲ್ಲವೋ, ಮೊಣಕೈಯಿಂದ ತಿವಿಯುತ್ತಿದ್ದ. "ಹೋಗವ್ವ, ಮೆಟ್ಲು ಕೆಳಗೆ ಗೋಡೆ ಕಡೆ ಮುಖ ಮಾಡಿ ನಿಂತ್ಕೊ. ನಾನ್ ಕೂಗೋವರ್ಗೂ ಬರ್ಬೇಡ." ನಾನು ಒಂದು ಕ್ಷಣ ತಡ ಮಾಡಿದರೆ ಹಿಂದಿನ ಸಾಲಿನವರು ಬಾಯಿ ಮಾಡುತ್ತಿದ್ದರು: "ಏ ಹುಡುಗಿ, ಇನ್ನೂ ಕೂತಿದೀಯಲ್ಲೇ! ಸೋಲಿಸ್ಬೇಕು ಅಂತಿದೀಯಾ?" ಉಚ್ಚೆ, ಕರಿದೆಣ್ಣೆ ನಾರುವ ಆ ಕತ್ತಲಲ್ಲಿ ಹೋಗಿ ನಿಲ್ಲುತ್ತಿದ್ದೆ. ಆ ವರ್ಷ ನಮ್ಮವರು ಗಳಿಸಿದ ಒಂದು ರನ್ನನ್ನೂ ನಾನು ನೋಡಲಿಲ್ಲ. ಔಟಾಗುವುದನ್ನು ಮಾತ್ರ ಕಣ್ತುಂಬ ನೋಡಿದ್ದೇನೆ.

ಕೊನೆಯ ಆಟದ ಕೊನೆಯ ಇನ್ನಿಂಗ್ಸ್. ಒಂದು ರನ್ ಹಿಂದಿದ್ದೆವು, ಬೇಸ್‌ಗಳ ಮೇಲೆ ಇಬ್ಬರು, ಬ್ಯಾಟು ಹಿಡಿದು ಬಂದವನು ಪಿಮೆಂತೆಲ್. ಇದೊಂದು ನೋಡುತ್ತೇನೆ ಅಪ್ಪಾ ಎಂದು ಅತ್ತೆ. ಅಪ್ಪ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ನೀನ್ ಹೋದ್ರೆ ಗೆಲ್ತೀವಿ. ಗೆದ್ರೆ ಆ ಗೆಲುವು ನಿಂದೇ ಕಣವ್ವ, ಇನ್ಯಾರ್ದೂ ಅಲ್ಲ." ಹೋದೆ. ಗೋಡೆಗೆ ಹಣೆ ಒತ್ತಿ ನಿಂತೆ. ಮೇಲೆ ಊರಿಗೆ ಊರೇ ಕುಣಿಯಿತು, ಸೂರಿನಿಂದ ನನ್ನ ತಲೆಯ ಮೇಲೆ ಸಿಮೆಂಟಿನ ಪುಡಿ ಉದುರಿತು. ನಾನು ನೋಡಿದ ಚಾಂಪಿಯನ್‌ಷಿಪ್ಪು ಅಷ್ಟೇ, ಆ ಪುಡಿ.

ಮನೆಗೆ ಬಂದರೆ ನಿನ್ನದೊಂದು ಗೋಳು. "ಹೇಳೇ ಅಕ್ಕ, ಚೆಂಡು ಹೆಂಗೋಯ್ತು? ಹೇಳೇ!" ನಾನೇನು ಹೇಳಲಿ? ನೀನು ಕಾಲುಚೀಲ ಕಿತ್ತೆಸೆದು ಕೆರೆದುಕೊಳ್ಳುತ್ತಿದ್ದೆ. ಸುಮ್ಮನಾಗಲೆಂದು ಒಂದು ಹೆಜ್ಜಾರ್ಲೆಯನ್ನು ಕಟ್ಟಿದೆ. ಸಮುದ್ರದಿಂದ ಬರಿಸಿದೆ, ಚೆಂಡಿನ ಜೊತೆ ಹಾರಿಸಿದೆ. ನೀನು ಕಣ್ಣರಳಿಸಿ ಕೇಳುತ್ತ ಕೇಳುತ್ತ ನಿದ್ದೆ ಹೋದೆ. ಆ ಹಕ್ಕಿ ನನ್ನದು ಕಣೋ! ಅದು ಆ ದಿನ ಅಲ್ಲಿ ಹಾರಲೇ ಇಲ್ಲ. ಈಗ ನಿನ್ನ ದಯೆಯಿಂದ ಊರಲ್ಲಿ ಅದನ್ನು ನೋಡಿಲ್ಲ ಎನ್ನುವವನು ಒಬ್ಬನೂ ಸಿಗುವುದಿಲ್ಲ.

ನೀನು ಏನನ್ನುತ್ತೀಯೆಂದು ಗೊತ್ತು. "ಹೋಗ್ಲಿ ಬಿಡಕ್ಕ, ಕಥೆ ತಾನೇ." ನಿನಗೆ ಕಥೆ, ಅದರಿಂದ ಅನ್ನ ಹುಟ್ಟುತ್ತದೆ. ಹಕ್ಕಿಯನ್ನು ನೀನೇ ಇಟ್ಟುಕೊ. ಆದರೆ ಅಪ್ಪನಿಗೆ ಎಂಬತ್ತು ಹತ್ತಿರವಾಯಿತು, ನೆನಪು ಸೋರುತ್ತಿದೆ. ಯಾರು ಕೊನೆಗೆ ಹೇಳಿದರೋ ಅದೇ ಅವನಿಗೆ ನಿಜ. ಬರುವ ಭಾನುವಾರ ಫೋನ್ ಮಾಡು. ಆಶೀರ್ವಾದ ಬೇಡಿದ ಮೇಲೆ ನೆಟ್ಟಗೆ ಹೇಳು: "ಅಪ್ಪ, ಅವತ್ತು ನಂಗೆ ದಡಾರ. ನಿನ್ ಜೊತೆ ಬಂದಿದ್ದು ಅಕ್ಕ." ಕೆಮ್ಮದೆ ಹೇಳು. ಹೇಳದಿದ್ದರೆ ಈಸ್ಟರಿಗೆ ಇತ್ತ ತಲೆ ಹಾಕಬೇಡ, ನಿನ್ನ ಪಾಲಿನ ಕಾಳು ಪಾಯಸವನ್ನು ನಾಯಿಗೆ ಹಾಕುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಹಾಳು ಗಂಟಲನ್ನೂ.

ಸಿಟ್ಟಿದ್ದರೂ ನಿನ್ನ ಅಕ್ಕನೇ,
ಮಿಗ್ದಾಲಿಯಾ

ತಾ.ಕ.: ಮೊನ್ನೆ ರೇಡಿಯೋ ಕೇಳಿ ನೆರೆಯವರು ಎದ್ದು ಹೋದ ಮೇಲೆ ನಾನೇ ಅಪ್ಪನನ್ನು ಕೇಳಿದೆ. "ಅಪ್ಪ, ನನ್ನನ್ನಲ್ವಾ ನೀನು ಕರ್ಕೊಂಡು ಹೋಗಿದ್ದು? ಮೆಟ್ಲು ಕೆಳಗೆ ಕಳಿಸಿದ್ದೆಯಲ್ಲ?" ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ನಿಂಗೆ ತಲೆ ಕೆಟ್ಟಿದೆ. ಬಂದಿದ್ದು ಎವಾರಿಸ್ತೊ ಕಣವ್ವ. ಹೆಣ್ಮಗೂನ ಆ ಕತ್ಲಲ್ಲಿ ಒಂಟಿಯಾಗಿ ನಿಲ್ಸೋಕೆ ನಾನೇನ್ ಮನುಷ್ಯ ಅಲ್ವಾ?"

ಆ ಕೊನೆಯ ಆಟದ ದಿನ ಅಪ್ಪ ನನ್ನನ್ನು ಕೂಗಲಿಲ್ಲ, ಎವಾರಿಸ್ತೊ. ಗೆದ್ದ ಖುಷಿಯಲ್ಲಿ ಜನರ ಜೊತೆ ಹೊರಟು ಹೋದ. ಗದ್ದಲ ನಿಂತಿತು, ಕಡಲೆಕಾಯಿಯವನೂ ಬುಟ್ಟಿ ಎತ್ತಿಕೊಂಡು ಹೋದ. ಕೂಗುವವರೆಗೂ ಬರಬೇಡ ಎಂದಿದ್ದನಲ್ಲ, ನಾನು ಗೋಡೆ ನೋಡುತ್ತ ನಿಂತೇ ಇದ್ದೆ. ತಿಬುರ್ಸಿಯೊ ಹುಡುಕಿ ಬಂದು ತನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿದ. ಸಂಜೆ ಅಪ್ಪ ಓಡಿ ಬಂದು ನನ್ನೆದುರು ಮಂಡಿಯೂರಿದ. "ಮರ್ತುಬಿಟ್ಟೆ ಕಣವ್ವ. ಅಮ್ಮಂಗೆ ಹೇಳ್ಬೇಡ." ಹೇಳಲಿಲ್ಲ. ನಿನಗೂ ಹೇಳಲಿಲ್ಲ. ಗೆಲುವು ನನ್ನದೆಂದಿದ್ದನಲ್ಲ, ಅಷ್ಟು ಸಾಕೆಂದುಕೊಂಡಿದ್ದೆ.

ಈಗ ಎರಡನೇ ಸಲ ಮರೆತಿದ್ದಾನೆ. ತಿಬುರ್ಸಿಯೊ ಸತ್ತು ವರ್ಷಗಳಾದವು. ಈ ಸಲ ನನ್ನನ್ನು ಕರೆದುಕೊಂಡು ಹೋಗಲು ನೀನೇ ಬರಬೇಕು.