ಪಿಕಪ್ಪಿನೊಳಗೆ ಅಗ್ಗಿಷ್ಟಿಕೆ

ಶಿರಸಿ
8 ಡಿಸೆಂಬರ್ 2025

ಪ್ರೀತಿಯ ಪ್ರಥಮಣ್ಣಾ,

ಹೇಗಿದ್ದೀಯ? ಚಳಿಗೆ ಬಿರಿದ ಕೈಬೆರಳು ವಾಸಿಯಾಯಿತೇ? ಅಮ್ಮ ಕಳಿಸಿದ ಮುರುಗಲ ತುಪ್ಪ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಮಿಲಿಟರಿ ವರ್ಕ್‌ಶಾಪಿನ ಗೆಳೆಯರಿಗೆಲ್ಲ ಹಂಚಿ ಖಾಲಿ ಮಾಡಿ ಕೂತಿದ್ದೀಯೋ? ಆ ಬೆಟ್ಟದ ಮೇಲೆ ಹಿಮ ಬೀಳುತ್ತಿದೆ ಎಂದು ನೀನು ಹೇಳಿದ ದಿನದಿಂದ ಅಮ್ಮ ಊರಿನಲ್ಲಿ ಎರಡೆರಡು ಶಾಲು ಹೊದ್ದುಕೊಂಡು ಓಡಾಡುತ್ತಿದ್ದಾಳಂತೆ, ನಿನ್ನ ಚಳಿ ಅವಳಿಗೆ. ನಿನ್ನ ಸೋದರಸೊಸೆ, ನನ್ನ ಕೂಸು ಅಭಿಜ್ಞಾ ಈಗ ಮಗುಚಿಕೊಳ್ಳುತ್ತಾಳೆ. ಮಗುಚಿದವಳಿಗೆ ತಿರುಗಿ ಬರಲು ಗೊತ್ತಿಲ್ಲ, ನೆಲಕ್ಕೆ ಮೂಗು ಒತ್ತಿ ಅಳುತ್ತಾಳೆ. ಅದಕ್ಕೇ ನನಗೆ ನಿದ್ದೆಯಿಲ್ಲ. ಅವಳು ಮಲಗಿದಾಗಲೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂರುತ್ತೇನೆ. ನಗಬೇಡ.

ಫೋನಿರುವಾಗ ಪತ್ರವೇಕೆ ಎಂದು ನಿನಗೆ ಅನಿಸಬಹುದು. ನೀನು ಭಾನುವಾರಕ್ಕೊಮ್ಮೆ ಫೋನ್ ಮಾಡುವುದು ಇವರಿಗೆ. ಇವರು ಸ್ಪೀಕರ್ ಹಾಕಿ ಜಗಲಿಯಲ್ಲಿ ಕೂರುತ್ತಾರೆ, ಪಕ್ಕದಲ್ಲಿ ಅತ್ತೆ. ಬೇರೆ ದಿನ ನಾನು ಮಾಡಿದರೆ ನಿನ್ನ ನಂಬರ್ ಸಿಗುವುದಿಲ್ಲ. ಭಾನುವಾರ ನೀವು ಭಾವ-ಭಾವ ಇಬ್ಬರೂ ಸ್ಪ್ರಿಂಗು, ಟಯರು, ಬ್ಯಾಟರಿ ಎಂದು ಮಾತಾಡಿ ಮುಗಿಸುವಷ್ಟರಲ್ಲಿ ಲೈನ್ ಹೋಗುತ್ತದೆ. ನಾನು ಹೇಳಬೇಕಾದ್ದನ್ನು ಅತ್ತೆಯ ಎದುರು ಹೇಳುವಂತಿಲ್ಲ, ಹೇಳಿದರೆ ಅದು ಅವರ ಬಾಣಂತನವನ್ನೇ ಜರೆದಂತಾಗುತ್ತದೆ. ಅದಕ್ಕೇ ಕೂಸು ತೊಟ್ಟಿಲಲ್ಲಿರುವಾಗ ಈ ಹಾಳೆ ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಒಂದು ಕೈಯಿಂದ ಹಗ್ಗ ಜಗ್ಗುತ್ತಿದ್ದೇನೆ ಎಂದುಕೋ.

ಆ ಹಳೆಯ ಪಿಕಪ್ ಗಾಡಿಯನ್ನು ಇವರು ಏನು ಮಾಡಿದ್ದಾರೆ ಎಂದು ನಿನಗೆ ಅರ್ಧ ಗೊತ್ತಿದೆ. ಹಿಂದಿನ ಸ್ಪ್ರಿಂಗ್ ಪಾಟಾಕ್ಕೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿ ಎತ್ತರ ಮಾಡಿದರು. ಹಲ್ಲೆದ್ದ ದಪ್ಪ ಟಯರ್ ಬಂತು. ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೋಗಬಾರದೆಂದು ನೀನು ಹೇಳಿದ ಗಾಳಿ ಕೊಳವೆಯನ್ನು ಗಾಜಿನ ಪಕ್ಕದಿಂದ ಮೇಲಿನವರೆಗೆ ಏರಿಸಿದರು. ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ ಬಂದವರು ಊಟಕ್ಕೂ ಕೂರದೆ ಗಾಡಿಯ ಕೆಳಗೆ ನುಗ್ಗುತ್ತಾರೆ. ಹೊರಗೆ ಕಾಣುವುದು ಎರಡು ಕಾಲು ಮಾತ್ರ. ಅತ್ತೆ ಚಹಾ ಲೋಟವನ್ನು ಆ ಕಾಲಿನ ಹತ್ತಿರ ಇಟ್ಟು, "ಸುಜಯಾ, ತಲೆ ಯಾವ ಬದಿಗಿದ್ದೋ?" ಎಂದು ಕೇಳುತ್ತಾರೆ. ನಾನೇನು ಇದಕ್ಕೆಲ್ಲ ವಿರೋಧಿಯಲ್ಲ ಅಣ್ಣಾ. ಬಸುರಿಯಾದಾಗಿನಿಂದ ಎಲ್ಲಿಗೂ ಹೋಗಿಲ್ಲ. ಹೆಗ್ಗರಣೆಯಿಂದ ಆಚೆ, ಜಲಪಾತದ ಸದ್ದು ಕೇಳುವಷ್ಟು ದೂರದಲ್ಲಿ ಗಾಡಿ ನಿಲ್ಲಿಸಿ ಎರಡು ದಿನ ಇರೋಣ ಎಂದು ಇವರು ಹೇಳಿದಾಗ ಒಳಗಿನ ಪರದೆಯನ್ನು ನಾನೇ ಕುಳಿತು ಹೊಲಿದೆ.

ತೊಂದರೆ ಇರುವುದು ಹಿಂದೆ ಕೂಡಿಸಿದ ಮಲಗುವ ಪೆಟ್ಟಿಗೆಯಲ್ಲಿ. ಬೇರೆ ಊರಿನವರು ತಗಡು ಬಡಿಯುತ್ತಿದ್ದರೋ ಏನೋ, ನಮ್ಮವರು ಬಿಳಗಿಯ ಆಚಾರಿ ಕೆರಿಯಪ್ಪನನ್ನು ಕರೆಸಿ ಹಲಸಿನ ಹಲಗೆಯಲ್ಲಿ ದೇವರ ಮಂಟಪ ಕಟ್ಟಿದ ಹಾಗೆ ಕಟ್ಟಿಸಿದರು. ಮಳೆಗಾಲದಲ್ಲಿ ಒಮ್ಮೆ ಅದರೊಳಗೆ ಮಲಗಿ ನೋಡಲು ಹೋದವರು ಮೈತುಂಬ ಉಂಬಳ ಕಚ್ಚಿಸಿಕೊಂಡು, ರಕ್ತ ಹೀರಿಸಿಕೊಂಡು ಬಂದರು. ಒಂದು ಕಿವಿಯ ಹಿಂದೆಯೇ ಕೂತಿತ್ತು. ಅವತ್ತಿನಿಂದ ಇವರಿಗೆ ಒಂದೇ ಹಟ, ಪೆಟ್ಟಿಗೆಯಲ್ಲಿ ಸಂದು ಇರಕೂಡದು. ಹಲಗೆ ಹಲಗೆಯ ನಡುವೆ ಸಿಲಿಕಾನ್ ತುಂಬಿದರು, ಬಾಗಿಲ ಸುತ್ತ ರಬ್ಬರ್ ಕೂರಿಸಿದರು, ಕಿಟಕಿಯ ಗಾಜನ್ನು ತೆರೆಯಲು ಬಾರದಂತೆ ಅಂಟಿಸಿದರು. ಕೆರಿಯಪ್ಪನೂ ಎದೆ ತಟ್ಟಿಕೊಂಡು, "ಅಮ್ಮಾ, ಇದ್ರೊಳಗೆ ಒಂದು ಉಂಬ್ಳ ಹೋಯ್ತು ಅಂದ್ರೆ ನನ್ನ ಹೆಸ್ರು ಬದ್ಲಾಯ್ಸಿ" ಎಂದ. ಬಾಗಿಲು ಹಾಕಿದರೆ ಕಿವಿ ಕಟ್ಟಿದಂತಾಗುತ್ತದೆ. ಎಂಜಿನ್ನಿಗೆ ಉಸಿರಾಡಲು ಅಷ್ಟುದ್ದದ ಕೊಳವೆ ಇದೆ, ಹಿಂದೆ ಮಲಗುವ ನಮಗೆ ಬೆರಳಷ್ಟು ತೂತಿಲ್ಲ.

ಇಷ್ಟೇ ಆಗಿದ್ದರೆ ಬಾಗಿಲು ಅರೆ ತೆರೆದು ಮಲಗುತ್ತಿದ್ದೆ. ಆದರೆ ಎಳೆಗೂಸನ್ನು ಚಳಿಗಾಲದಲ್ಲಿ ಹೊರಗೆ ಮಲಗಿಸಲು ಅತ್ತೆ ಒಂದು ಷರತ್ತು ಹಾಕಿದರು: ಅಗ್ಗಿಷ್ಟಿಕೆ ಇರಬೇಕು. ನಮ್ಮಲ್ಲಿ ಬಾಣಂತಿ ಕೋಣೆಯಲ್ಲಿ ಕೆಂಡ ಆರುವುದಿಲ್ಲ ಎಂಬುದು ನಿನಗೂ ಗೊತ್ತು. ಅಭಿಜ್ಞಾ ಹುಟ್ಟಿದಾಗಿನಿಂದ ಅವಳನ್ನು ಮೀಯಿಸಿದ ಮೇಲೆ ಕೆಂಡದ ಮೇಲೆ ಅಂಗೈ ಕಾಸಿ ಕಾಸಿ ಹೊಟ್ಟೆಗೆ ಒತ್ತಿದವರು ಅತ್ತೆಯೇ. ಆ ಕೈಯ ಬಿಸಿಗೆ ಕೂಸು ಅಳು ನಿಲ್ಲಿಸುತ್ತಿದ್ದಳು, ಅದನ್ನು ನಾನು ಮರೆಯುವವಳಲ್ಲ. ಆದರೆ ಆ ಕೋಣೆಗೆ ಹೆಂಚಿನ ಮಾಡು, ಸಂದಿಯಿಂದ ಬಿಸಿಲು ಬೀಳುತ್ತದೆ, ಬಾಗಿಲ ಕೆಳಗೆ ಬೆಕ್ಕು ನುಸುಳುತ್ತದೆ. ಈ ಪೆಟ್ಟಿಗೆಯಲ್ಲಿ ಉಂಬಳವೂ ನುಸುಳುವುದಿಲ್ಲ. ಇವರು ತಮ್ಮ ಅಮ್ಮನ ಮಾತಿಗೆ ಖುಷಿಯಿಂದ ಒಪ್ಪಿ, ಗಾಡಿ ಕುಲುಕಿದರೂ ಮಗುಚದ ಹಾಗೆ ಅಗ್ಗಿಷ್ಟಿಕೆಗೆ ಒಂದು ಕಬ್ಬಿಣದ ಸ್ಟ್ಯಾಂಡ್ ಬೆಸೆದು ಕೂಸಿನ ಹಾಸಿಗೆಯ ಕಾಲಡಿಗೆ ಬೋಲ್ಟ್ ಹಾಕಿದ್ದಾರೆ. ಬೆಂಕಿ ಚೆಲ್ಲಬಾರದು ಎಂಬುದಷ್ಟೇ ಅವರ ತಲೆಯಲ್ಲಿ.

ನಾನು ಹೇಳಿದೆ ಅಣ್ಣಾ. ಮುಚ್ಚಿದ ಜಾಗದಲ್ಲಿ ಕೆಂಡಕ್ಕೆ ಗಾಳಿ ಸಾಲದಾದಾಗ ಹೊರಡುವ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯಾದರೆ ಕೆಮ್ಮು ಬಂದು ಏಳುತ್ತೇವೆ, ಇದಕ್ಕೆ ನಿದ್ದೆ ಬರುತ್ತದೆ, ಮತ್ತೆ ಏಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ಇವರು ಸ್ಪ್ಯಾನರ್ ತಿರುಗಿಸುತ್ತಲೇ, "ಎಂತದೇ ಬಿ.ಎಸ್ಸಿ., ಪರೀಕ್ಷೆ ಮುಗ್ದು ಎಷ್ಟು ವರ್ಷ ಆತು, ಇನ್ನೂ ಉತ್ತರ ಬರೀತಾ ಇದ್ಯಲೇ!" ಎಂದು ನಕ್ಕರು. ಅತ್ತೆ ನಗಲಿಲ್ಲ. "ಹೊಗೆ ಎಲ್ಲಿದ್ದೇ ತಂಗಿ? ಕೆಂಡ ನೋಡು, ದಾಸಾಳ ಹೂವಿನ ಹಾಂಗಿದ್ದು. ನಾಲ್ಕು ಬಾಣಂತನ ಈ ಕೈಯಲ್ಲೇ ಆಜು, ಯಾರಿಗೆ ಎಂತ ಆತು?" ಎಂದರು. ಆಮೇಲೆ ಮೆಲ್ಲಗೆ, ನನಗೆ ಕೇಳುವ ಹಾಗೆಯೇ, "ನಿದ್ದೆ ಇಲ್ಲೆ ಪಾಪ, ಅದ್ಕೆ ಹೀಂಗೆಲ್ಲ ಕಾಣ್ತು" ಎಂದು ಮಗನಿಗೆ ಹೇಳಿದರು.

ಮೊನ್ನೆ ಶನಿವಾರ ಮಧ್ಯಾಹ್ನ ಅಂಗಳದಲ್ಲಿಯೇ ಪರೀಕ್ಷೆ ನಡೆಯಿತು. ಬೆಚ್ಚಗಾಗುತ್ತದೋ ನೋಡೋಣವೆಂದು ಅಮ್ಮ, ಮಗ ಇಬ್ಬರೂ ಕೆಂಡ ಇಟ್ಟುಕೊಂಡು ಒಳಗೆ ಕೂತು ಬಾಗಿಲು ಹಾಕಿಕೊಂಡರು. ಕೂಸನ್ನೂ ಕೊಡು ಎಂದರು, ಹಾಲು ಕುಡಿಯುತ್ತಿದ್ದಾಳೆಂದು ಸುಳ್ಳು ಹೇಳಿ ಕೊಡಲಿಲ್ಲ. ಹೊರಗೆ ನಿಂತವಳಿಗೆ ಮೊದಮೊದಲು ಅವರ ಮಾತು ಕೇಳುತ್ತಿತ್ತು. ಆಮೇಲೆ ಮಾತು ನಿಂತಿತು. ನಾನು ತಡೆಯಲಾರದೆ ಬಾಗಿಲು ಎಳೆದೆ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಕೈಹಿಡಿದು ಇಳಿಸಿದರೆ ಮೆಟ್ಟಿಲ ಮೇಲೆ ವಾಲಿದರು. ತಲೆ ಸಿಡಿಯುತ್ತದೆ, ಚಹಾ ತಪ್ಪಿತಲ್ಲ, ಪಿತ್ತ ಏರಿದೆ ಎಂದರು. ಇವರಿಗೂ ತಲೆನೋವು; ಬೆಳಗಿನಿಂದ ವೆಲ್ಡಿಂಗ್ ನೋಡಿದ್ದಕ್ಕೆ ಎಂದರು. ಜಗಲಿಯ ಗಾಳಿಗೆ ಕೂತ ಮೇಲೆ ಇಬ್ಬರಿಗೂ ಸರಿಯಾಯಿತು. "ಬೆಚ್ಚಗೆ ಏನೋ ಭಾರೀ ಚೊಲೋ ಇದ್ದು" ಎಂದು ಅತ್ತೆ ಒಪ್ಪಿಗೆ ಕೊಟ್ಟರು. ನಿನ್ನೆ ಫೋನಿನಲ್ಲಿ ಇವರು ಗಾಳಿಯೂ ಆಡದಷ್ಟು ಬಿಗಿ ಮಾಡಿದ್ದೇನೆ ಎಂದಾಗ ನೀನು "ಭೇಷ್" ಎಂದೆ. ಕೆಂಡದ ವಿಷಯ ನಿನಗೆ ಯಾರೂ ಹೇಳಲೇ ಇಲ್ಲ.

ಪ್ರವಾಸ ಈ ತಿಂಗಳ ಕೊನೆಗೆ. ಪತ್ರ ಮುಟ್ಟಲು ಒಂದು ವಾರ ಹಿಡಿದರೂ ನಿನಗೆ ಸಮಯವಿದೆ. ಅಷ್ಟು ಚಳಿಯಲ್ಲಿ ನೀವು ಡೇರೆಯೊಳಗೆ ಒಲೆ ಇಟ್ಟುಕೊಂಡರೆ ಮಲಗುವಾಗ ಏನು ಮಾಡುತ್ತೀರಿ, ಅದನ್ನೇ ಫೋನ್ ಮಾಡಿ ಇವರಿಗೆ ಹೇಳು. ನಾನು ಬರೆದೆ ಎನ್ನಬೇಡ. ಕೂಸನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗಿಬಿಡಲೇ ಎಂದೂ ಯೋಚಿಸಿದೆ, ಆದರೆ ಆಗ ಇವರೂ ಜೊತೆಗೆ ಬರುವ ಗೆಳೆಯ ಕಿರಣನೂ ಆ ಪೆಟ್ಟಿಗೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುತ್ತಾರೆ. ಒಂದೊಂದು ಸಲ ನನಗೂ ಸಂಶಯ ಬರುತ್ತದೆ, ಇದೆಲ್ಲ ನಿದ್ದೆಗೆಟ್ಟ ತಲೆಯ ಕಲ್ಪನೆಯೇ? ನೀನಾದರೂ ಹೇಳು, ನಾನು ಹೇಳುವುದು ಸರಿ ತಾನೇ? ಒಂದು ಗಳಿಗೆಯ ನಿದ್ದೆಗಾಗಿ ಹಂಬಲಿಸುವವಳು ಆ ಪೆಟ್ಟಿಗೆಯೊಳಗಿನ ನಿದ್ದೆಗೆ ಹೆದರುತ್ತಿದ್ದೇನೆ.

ಬೆರಳಿಗೆ ತುಪ್ಪ ಹಚ್ಚಿಕೋ, ಹೊಟ್ಟೆ ತುಂಬ ಉಣ್ಣು. ಅತ್ತೆ ನಿನ್ನನ್ನು ಕೇಳಿದರು ಎಂದು ಬರೆಯಲು ಹೇಳಿದ್ದಾರೆ, ನಿಜವಾಗಿಯೂ ದಿನಾ ಕೇಳುತ್ತಾರೆ. ಅಭಿಜ್ಞಾ ಈ ಹಾಳೆಯ ಮೂಲೆ ಚೀಪಿದ್ದಾಳೆ, ಅದೇ ಅವಳ ನಮಸ್ಕಾರ.

ನಿನ್ನ ತಂಗಿ,
ಮಧುರಾ

ತಾ.ಕ.: ಅಣ್ಣಾ, ಮರುದಿನ ಬರೆಯುತ್ತಿದ್ದೇನೆ, ಲಕೋಟೆ ಅಂಟಿಸಿರಲಿಲ್ಲ, ಪುಣ್ಯ. ಮನ್ಮನೆಯ ಕಿರಣನಿಗೆ ತಿಂಗಳ ಕೊನೆಗೆ ರಜೆ ಇಲ್ಲವಂತೆ, ಪ್ರವಾಸ ಈ ಶನಿವಾರಕ್ಕೇ ಬಂತು. ಈ ಪತ್ರ ಅಷ್ಟರೊಳಗೆ ನಿನಗೆ ಮುಟ್ಟುವುದಿಲ್ಲ. ಬೆಳಿಗ್ಗೆ ಇವರು ಅಂಗಡಿಗೆ ಹೋದ ಮೇಲೆ ಕೆರಿಯಪ್ಪ ಕೊಕ್ಕೆ ಹೊಡೆಯಲು ಬಂದಿದ್ದ. ಎರಡೂ ಬದಿಯ ಗೋಡೆಗೆ ಮೇಲೊಂದು ಕೆಳಗೊಂದು ತೂತು ಕೊರೆದು ಜಾಳಿಗೆ ಹೊಡಿ ಎಂದೆ. "ಇಷ್ಟು ಚಂದ ಕೂಡ್ಸಿದ ಹಲ್ಗೆಗೆ ತೂತಾ ಅಮ್ಮಾ? ಒಡೇರು ಬೈತ್ರು" ಎಂದು ಉಳಿ ಕೆಳಗಿಟ್ಟ. ಆಗ ಬಾಯಿಗೆ ಬಂದದ್ದು ನಿನ್ನ ಹೆಸರು. ಮಿಲಿಟರಿಯ ಅಣ್ಣ ಬೆಳಿಗ್ಗೆ ನನಗೆ ಫೋನ್ ಮಾಡಿದ್ದ, ತೂತಿಲ್ಲದೆ ಅದರೊಳಗೆ ಮಲಗಬೇಡಿ, ತೂತಿದ್ದರೂ ಒಳಗೆ ಕೆಂಡ ಬೇಡವೇ ಬೇಡ ಎಂದ ಎಂದೆ. ಅವನು ಕೊರೆದ. ಮಧ್ಯಾಹ್ನ ಇವರು ಬಂದು ಕೆಂಪಾದಾಗಲೂ ಅದನ್ನೇ ಹೇಳಿದೆ. "ಪ್ರಥಮ ಭಾವ ಹೇಳಿದ್ನಾ? ಮೊದ್ಲೇ ಹೇಳಲಾಗ್ತಿತ್ತಿಲ್ಯಾ!" ಎಂದವರೇ ಸ್ಪ್ಯಾನರ್ ಹಿಡಿದು ಸ್ಟ್ಯಾಂಡ್ ಬಿಚ್ಚಿದರು. "ಮಿಲಿಟ್ರಿಯವು ಹೇಳಿದ ಮೇಲೆ ಆತು, ಕೂಸಿಗೆ ಎರಡು ಕಂಬಳಿ ಜಾಸ್ತಿ ಹೊದ್ಸನ" ಎಂದು ಅತ್ತೆಯೂ ಒಪ್ಪಿದರು. ತಿಂಗಳಿಡೀ ನಾನು ಹೇಳಿದ್ದನ್ನು, ನೀನು ಹೇಳದೆಯೇ, ನಿನ್ನ ಹೆಸರು ಬಂದದ್ದಕ್ಕೇ ಒಂದೇ ಮಾತಿಗೆ ಕೇಳಿದರು. ಅಳಬೇಕೋ ನಗಬೇಕೋ ತಿಳಿಯದೆ ಒಳಗೆ ಹೋಗಿ ಮುಖ ತೊಳೆದುಕೊಂಡೆ. ಇನ್ನು ನಿನ್ನ ಕೆಲಸ: ಇವರು ಕೇಳಿದರೆ ಹೌದು ಎನ್ನು, ನಾನೇ ಹೇಳಿದ್ದು ಎನ್ನು. ಬರುವ ಭಾನುವಾರ ನಾವು ಹೆಗ್ಗರಣೆಯ ಆಚೆ ಇರುತ್ತೇವೆ, ಅಲ್ಲಿ ಫೋನ್ ಹತ್ತುವುದಿಲ್ಲ. ಆದರೆ ಶನಿವಾರಕ್ಕೆ ಮೊದಲು ಎಲ್ಲಾದರೂ, ಈ ಪತ್ರ ಇನ್ನೂ ಕಾಣದ ನೀನು ಪುರಸೊತ್ತಾಗಿ ಫೋನ್ ಮಾಡಿಬಿಟ್ಟರೆ ಎಲ್ಲ ಹೋಯಿತು, ಆ ಸ್ಟ್ಯಾಂಡ್ ಇನ್ನೂ ಅಂಗಳದಲ್ಲೇ ಬಿದ್ದಿದೆ. ಅಣ್ಣನ ಫೋನ್ ಬಾರದಿರಲಿ ಎಂದು ದೇವರಿಗೆ ದೀಪ ಹಚ್ಚಿದ ತಂಗಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.